ಬಾಗಿಲ ಮುಂದೆ ಒಂದು ಚೀಲ ಹೆಚ್ಚು

ಜರಡಿಯಕ್ಕನಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೇ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಿದ್ದಳು. ರಸ್ತೆ ಮಾಡುವ ಕಂಪನಿಯೊಂದರ ಮಣ್ಣು ಪರೀಕ್ಷೆಯ ಕೊಠಡಿಗೆ ಅವಳು ಸೇರಿದ್ದು ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ. ಈಗ ಕನ್ನಡಕ ಹಾಕದಿದ್ದರೆ ತಕ್ಕಡಿಯ ಅಂಕಿ ಕಾಣುವುದಿಲ್ಲ. ಇಷ್ಟು ವರ್ಷವೂ ಮಾಡಿದ್ದು ಒಂದೇ ಕೆಲಸ: ಎಲ್ಲೆಲ್ಲಿಂದಲೋ ಚೀಲದಲ್ಲಿ ಬಂದ ಮಣ್ಣನ್ನು ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು, ಆಮೇಲೆ ಅದರ ಗುಣಾವಗುಣ ಪತ್ತೆ ಮಾಡುವುದು. ಮನೆ ಬಾಡಿಗೆಗೆ ಕೊಡುವವರು ಕೂಡ ಇಷ್ಟು ಕೂಲಂಕಷವಾಗಿ ವಿಚಾರಿಸುವುದಿಲ್ಲ.

ಜೇಡಿಮಣ್ಣು ಬಂತೆಂದರೆ ಅವಳಿಗೆ ಒಳಗೊಳಗೇ ಖುಷಿ. ಒದ್ದೆ ಮಣ್ಣಿನ ಗೋಲಿಯೊಂದನ್ನು ಗಾಜಿನ ಹಲಗೆಯ ಮೇಲಿಟ್ಟು, ಅಂಗೈಯಿಂದ ಹಿಂದೆ ಮುಂದೆ ಉರುಳಿಸಿ, ಬೆಂಕಿಕಡ್ಡಿಗಿಂತ ತುಸು ದಪ್ಪದ ಎಳೆ ತೆಗೆಯುವಳು. ಎಳೆ ಮುರಿಯದೆ ಬಂದರೆ ಮತ್ತೆ ಉಂಡೆ ಕಟ್ಟಿ ಮತ್ತೆ ಎಳೆ. ಅಂಗೈಯ ಬಿಸಿಗೆ ನೀರು ಆರುತ್ತ ಆರುತ್ತ ಕೊನೆಗೊಮ್ಮೆ ಎಳೆ ಬಿರಿದು ಪುಡಿಯಾಗುತ್ತದಲ್ಲ, ಆಗ ನಿಲ್ಲಿಸಬೇಕು. ಎಷ್ಟು ನೀರಿರುವಾಗ ಈ ಮಣ್ಣು ಹೇಳಿದ ಮಾತು ಕೇಳುತ್ತದೆ, ಎಷ್ಟಕ್ಕೆ ಕೈಕೊಡುತ್ತದೆ ಎಂದು ತಿಳಿಯುವುದು ಹಾಗೆ.

ಏಕೆಂದರೆ ಜೇಡಿಮಣ್ಣಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲು ಕಂಡರೆ ಕುಗ್ಗಿ ಬಾಯಿ ಬಿಡುತ್ತದೆ. ಹೊಸ ಅಳಿಯನ ಹಾಗೆ, ಯಾವುದಕ್ಕೆ ಮುನಿಸಿಕೊಂಡಿತು ಎಂದು ಗೊತ್ತಾಗುವುದರೊಳಗೆ ಗೋಡೆ ಸೀಳಿರುತ್ತದೆ. ಅಂಥ ಜಾಗದಲ್ಲಿ ರಸ್ತೆ ಹಾಕಬೇಕಾದರೆ ಒಂದೋ ಮಣ್ಣನ್ನೆಲ್ಲ ಅಗೆದು ಸಾಗಿಸಿ ಬೇರೆ ತಂದು ತುಂಬಬೇಕು, ಇಲ್ಲವೇ ಇದ್ದ ಮಣ್ಣಿಗೇ ಬುದ್ಧಿ ಕಲಿಸಬೇಕು. ಕಲಿಸುವ ಮೇಷ್ಟ್ರುಗಳು ಮೂವರು. ಮೊದಲು ಸುಣ್ಣ, ಅದು ಬಿದ್ದರೆ ಅಂಟು ಹೋಗಿ ಮಣ್ಣು ಪುಡಿಪುಡಿಯಾಗುತ್ತದೆ. ಆಮೇಲೆ ಕಲ್ಲಿದ್ದಲು ಉರಿಸಿದ ಒಲೆಗಳಿಂದ ಬರುವ ಹಾರುಬೂದಿ, ಮತ್ತು ಸಿಮೆಂಟು. ಬೆರೆಸಿ, ನೀರು ಹದ ಮಾಡಿ, ಸಿಮೆಂಟು ಹಿಡಿದುಕೊಳ್ಳುವ ಮೊದಲೇ ಬಿಗಿಯಾಗಿ ಅದುಮಿಬಿಟ್ಟರೆ, ಆಮೇಲೆ ತೇವ ಆರದ ಹಾಗೆ ನೋಡಿಕೊಳ್ಳುವುದಷ್ಟೇ ಕೆಲಸ.

ಹೊಸ ಬೆರಕೆ ಮಾಡಿದಾಗಲೆಲ್ಲ ಅವಳು ಅದನ್ನು ಕಬ್ಬಿಣದ ಅಚ್ಚಿಗೆ ಕುಟ್ಟಿ, ಗೇಣುದ್ದದ ಉರುಳೆಗಳನ್ನು ಮಾಡಿ, ಪ್ಲಾಸ್ಟಿಕ್ ಸುತ್ತಿ, ಪಕ್ಕದ ತೇವದ ಕೋಣೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದಳು. ಗಾಳಿ ಆಡಬಾರದು, ಬಿಸಿಲು ಬೀಳಬಾರದು, ಬಾಗಿಲು ಸುಮ್ಮಸುಮ್ಮನೆ ತೆಗೆಯಬಾರದು. ಕೊಠಡಿಯವರು ಅದಕ್ಕೆ ಬಾಣಂತಿ ಕೋಣೆ ಎಂದು ಹೆಸರಿಟ್ಟಿದ್ದರು. ದಿನ ತುಂಬಿದ ಮೇಲೆ ಉರುಳೆಗಳನ್ನು ಪ್ರೆಸ್ಸಿಗಿಟ್ಟು ಒಡೆಯುವವರೆಗೂ ಅದುಮುವುದು. ಸಿಮೆಂಟು ಕಡಿಮೆಯಾದದ್ದು ಬೇಗನೆ ಕುಸಿದು ಕೂರುತ್ತದೆ. ಹದವಾಗಿರುವುದು ಭಾರ ಹೊತ್ತು, ಹೊಟ್ಟೆ ಉಬ್ಬಿಸಿ, ಇನ್ನು ನನ್ನ ಕೈಲಾಗದು ಎಂದು ತೋರಿಸಿಯೇ ಬಿಡುತ್ತದೆ. ವಿಪರೀತ ಸಿಮೆಂಟು ತಿಂದದ್ದರ ಕಥೆ ಬೇರೆ. ಅದು ಕೊನೇ ಗಳಿಗೆಯವರೆಗೂ ಗಟ್ಟಿಗನಂತೆ ನಿಂತಿದ್ದು ಪಟ್ಟನೆ ಸೀಳಿಹೋಗುತ್ತದೆ. ಅಷ್ಟೇ ಅಲ್ಲ, ಬಯಲಿನಲ್ಲಿ ಬಿಟ್ಟರೆ ತಾನಾಗಿಯೇ ಕುಗ್ಗಿ ಮೈತುಂಬ ಬಿರುಕು ಬಿಡುತ್ತದೆ. ಹೊಸಬರು ಕೈ ಬಿಗಿಹಿಡಿಯದೆ ಒಂದು ಚಮಚ ಜಾಸ್ತಿ ಸುರಿದರೆ ಸಾಕು, ಜರಡಿಯಕ್ಕ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು.

ಗಂಡ ಸಿಕ್ಕಿದ್ದೂ ಈ ಕೆಲಸದಲ್ಲೇ. ಅವನು ರೋಲರ್ ಓಡಿಸುತ್ತಿದ್ದ, ಎಲ್ಲರಿಗೂ ರೋಲರಣ್ಣ. ಒಂದು ದಿನ ಬೆಳಗಿನಿಂದ ಅದೇ ಜಾಗದಲ್ಲಿ ಹಿಂದೆ ಮುಂದೆ ಓಡಿಸಿ, ನೀರು ಚೆಲ್ಲಿದರೆ ನಿಲ್ಲುವಷ್ಟು ಸಮ ಮಾಡಿ, ಬೆವರು ಒರೆಸಿಕೊಳ್ಳುತ್ತಿದ್ದಾನೆ. ಅಷ್ಟರಲ್ಲಿ ಟ್ರೇ, ಉಳಿ, ಸುತ್ತಿಗೆ ಹಿಡಿದು ಹುಡುಗಿಯೊಬ್ಬಳು ಬಂದು, ಸರಿಯಾಗಿ ನಟ್ಟನಡುವೆ ಕೂತು ತೂತು ಕೊರೆಯಲು ಶುರುಮಾಡಿದಳು. ಮಣ್ಣು ಎಷ್ಟು ಬಿಗಿಯಾಗಿ ಕೂತಿದೆ ಎಂದು ತಿಳಿಯಬೇಕಾದರೆ ಒಂದು ತೂತು ತೆಗೆದು, ತೆಗೆದ ಮಣ್ಣನ್ನು ತೂಗಿ, ತೂತಿಗೆ ಒಣ ಮರಳು ಸುರಿದು ಅಳೆಯಬೇಕು. ಅದು ಅವನಿಗೂ ಗೊತ್ತು. ಆದರೂ ರೋಲರಿನ ಮೇಲಿನಿಂದಲೇ ಕೂಗಿದ.

"ಅಲ್ಲ ಮೇಡಂ, ನಾನು ಸಮ ಮಾಡೋದು, ನೀವು ತೂತು ಮಾಡೋದು. ಹೀಗಾದ್ರೆ ರಸ್ತೆ ಮುಗಿಯೋದು ಯಾವಾಗ?"

ಅವಳು ತಲೆ ಎತ್ತಲಿಲ್ಲ. "ನೀವು ಸರಿಯಾಗಿ ಸಮ ಮಾಡಿದ್ರೆ ಒಂದೇ ತೂತು. ಇಲ್ಲಾಂದ್ರೆ ಹತ್ತು."

ಅವಳನ್ನು ಅಲ್ಲಿಯವರೆಗೆ ಯಾರೂ ಮೇಡಂ ಎಂದಿರಲಿಲ್ಲ. ಆವತ್ತು ಬೇಕಾದದ್ದಕ್ಕಿಂತ ಎರಡು ತೂತು ಹೆಚ್ಚೇ ತೆಗೆದಳು ಎಂದು ಅವನು ಮದುವೆಯಾದ ಮೇಲೆ ಎಲ್ಲರೆದುರು ಹೇಳುವನು. ಅವಳು ಸುಳ್ಳು ಎನ್ನುವಳು. ಮುಖ ಮಾತ್ರ ಕೆಂಪಾಗುತ್ತಿತ್ತು.

ಮಕ್ಕಳಾಗಲಿಲ್ಲ. ಅದಕ್ಕಾಗಿ ಅಳುವುದನ್ನೆಲ್ಲ ಅತ್ತು ಮುಗಿಸಿ, ಇಬ್ಬರೂ ಒಬ್ಬರನ್ನೊಬ್ಬರು ಸಾಕಿಕೊಂಡು ಚೆನ್ನಾಗಿಯೇ ಇದ್ದರು. ಸಂಜೆಯಾದರೆ ಅವನು ಮುಖ ತೊಳೆದು, ತಲೆ ಬಾಚಿ, ಗಲ್ಲಿಯ ತುದಿಯ ಟೈರ್ ಅಂಗಡಿಯ ಬೆಂಚಿಗೆ ಹೊರಡುವನು. ಹಳೆಯ ರಸ್ತೆ ಕೆಲಸದವರೆಲ್ಲ ಸೇರುವ ಜಾಗ ಅದು. ನೀರಿನ ಟ್ಯಾಂಕರ್ ಓಡಿಸುವ ಟ್ಯಾಂಕರಪ್ಪ, ಡಾಂಬರು ಕಾಯಿಸುತ್ತಿದ್ದವನು, ಇನ್ನೊಬ್ಬಿಬ್ಬರು. ಅಲ್ಲಿ ಮಾತಿಗೆ ರೋಲರಣ್ಣನದೇ ಎತ್ತಿದ ಕೈ. ನಗು ಮನೆಯವರೆಗೂ ಕೇಳಿಸುತ್ತಿತ್ತು.

ಹೋದ ಮಳೆಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಅರ್ಧ ನಾಲಿಗೆ. ಆಸ್ಪತ್ರೆಯಿಂದ ಬರುವಾಗ ನಾಲ್ಕು ಪಾದದ ಊರುಗೋಲೊಂದನ್ನು ಕೊಟ್ಟು ಕಳಿಸಿದರು. ಎರಡು ವಾರ ಕಳೆಯಿತೋ ಇಲ್ಲವೋ, ಬೆಂಚಿಗೆ ಹೋಗುತ್ತೇನೆಂದು ಹೊರಟ. ಗಲ್ಲಿಯೆಲ್ಲ ಜೇಡಿಮಣ್ಣಿನ ಕೆಸರು. ಬಾಗಿಲ ಮುಂದೆಯೇ ಊರುಗೋಲಿನ ನಾಲ್ಕೂ ಪಾದ ಹೂತವು, ಇವನು ಕೀಳಲು ಎಳೆದ, ಮುಖ ಅಡಿಯಾಗಿ ಬಿದ್ದ. ಬೆಂಚಿನವರು ಓಡಿ ಬಂದು ಎತ್ತಿದರು. ಪೆಟ್ಟೇನೂ ದೊಡ್ಡದಲ್ಲ. ಆದರೆ ಜೀವಮಾನವೆಲ್ಲ ನೆಲ ಸಮ ಮಾಡಿದವನು ಗೆಳೆಯರ ಕಣ್ಣೆದುರು ನೆಲಕ್ಕೆ ಬಿದ್ದದ್ದು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಆವತ್ತಿನಿಂದ ಹೊಸ್ತಿಲು ದಾಟಲಿಲ್ಲ. ಮಳೆ ನಿಂತ ಮೇಲೂ ದಾಟಲಿಲ್ಲ, ಏಕೆಂದರೆ ಕೆಸರು ಒಣಗಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಗೆಳೆಯರು ಮನೆಗೆ ಬಂದರೆ ನಿದ್ದೆ ಬಂದವನಂತೆ ಗೋಡೆಯ ಕಡೆ ತಿರುಗಿಕೊಳ್ಳುವನು. ಬರುವವರು ಕ್ರಮೇಣ ಕಡಿಮೆಯಾದರು.

ಜರಡಿಯಕ್ಕ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಬೆಳಿಗ್ಗೆ ಎಬ್ಬಿಸಿ ಕೂರಿಸುವುದು, ಅಂಗಿ ತೊಡಿಸಿ ಕತ್ತಿನವರೆಗೆ ಗುಂಡಿ ಹಾಕುವುದು, ತುತ್ತು ಮಾಡಿ ಬಾಯಿಗಿಡುವುದು. ಅವನು ಎಡಗೈಯಲ್ಲಿ ಲೋಟ ಎತ್ತಲು ಹೋದರೆ "ಇರಿ, ನಾನಿದೀನಲ್ಲ" ಎಂದು ತಾನೇ ಎತ್ತುವಳು. ಅವನು ಮಾತಾಡಲು ಬಾಯಿ ತೆರೆದು ಪದಕ್ಕಾಗಿ ತಡಕಾಡಿದರೆ, ಆ ಪದವನ್ನೂ ಇವಳೇ ಹೇಳಿಬಿಡುವಳು. ಕೆಲಸಕ್ಕೆ ಹೋಗುವಾಗ ಪಕ್ಕದ ಮನೆಯ ಟೈಲರಮ್ಮನಿಗೆ ನೂರು ಸಲ ಹೇಳಿ ಹೋಗುವಳು.

ಮನೆಗೆ ಬಂದು ವ್ಯಾಯಾಮ ಮಾಡಿಸುವ ಒಬ್ಬರಿದ್ದರು. ಕಸರತ್ತಿನ ಮೇಷ್ಟ್ರು ಎಂದು ಗಲ್ಲಿಯವರು ಕರೆಯುತ್ತಿದ್ದರು. ಅವರು ಒಂದು ದಿನ ಹೊರಡುವಾಗ ಅವಳನ್ನು ಬಾಗಿಲ ಬಳಿ ನಿಲ್ಲಿಸಿ ಮೆಲ್ಲಗೆ ಹೇಳಿದರು.

"ಅಮ್ಮಾ, ಕಾಲಲ್ಲಿ ಶಕ್ತಿ ಇದೆ. ಆದ್ರೆ ಗೋಡೆ ಹಿಡ್ಕೊಂಡು ಮನೆಯೊಳಗೆ ಸುತ್ತಿದ್ರೆ ಸಾಲದು. ಹೊರಗೆ ನಡೀಬೇಕು. ಅವರೇ ನಡೀಬೇಕು, ನೀವು ಹಿಡ್ಕೊಂಡಲ್ಲ. ಇನ್ನೊಂದು ಮಳೆಗಾಲನೂ ಹೀಗೇ ಕೂತ್ರೆ ಕಾಲು ಕಟ್ಕೊಂಡು ಬಿಡುತ್ತೆ. ಆಮೇಲೆ ನಾನು ಬಂದೂ ಪ್ರಯೋಜನ ಇಲ್ಲ."

ಮಳೆಗೆ ಇನ್ನು ಮೂರು ತಿಂಗಳೂ ಇರಲಿಲ್ಲ. ಆ ಸಂಜೆ ಅವಳು ಗಲ್ಲಿಯಲ್ಲಿ ನಿಂತು, ಬಾಗಿಲಿನಿಂದ ಬೆಂಚಿನವರೆಗಿನ ನೆಲವನ್ನು ಮೊದಲ ಸಲ ಕೆಲಸದ ಕಣ್ಣಿನಿಂದ ನೋಡಿದಳು. ಊರಿನ ಮಣ್ಣಿನ ಜಾತಕವೆಲ್ಲ ಬರೆದವಳು ತನ್ನ ಮನೆಯ ಮುಂದಿನ ಮಣ್ಣನ್ನು ಒಂದು ಹಿಡಿಯೂ ಜರಡಿಗೆ ಹಾಕಿ ನೋಡಿರಲಿಲ್ಲ.

ಅದೃಷ್ಟ ಎಂದರೆ, ಅದೇ ವಾರ ಕೊಠಡಿಯ ಇಂಜಿನಿಯರ್ ಮೇಡಂ ಒಂದು ಪ್ರಶ್ನೆ ತಂದರು. ವಯಸ್ಸಿನಲ್ಲಿ ಚಿಕ್ಕವರು, ಕೆಲಸದಲ್ಲಿ ಚುರುಕು, ಇವಳನ್ನು ಬಾಯಿತುಂಬ ಅಕ್ಕ ಎನ್ನುವವರು.

"ಅಕ್ಕ, ಹಾರುಬೂದಿ ಸೇರಿಸೋ ಹೊಸ ಬೆರಕೆಗೆ ಒಂದು ಪ್ರಯೋಗದ ರಸ್ತೆ ಮಾಡ್ಬೇಕು. ಕಂಪನಿಯವರು ಸಾಮಾನೆಲ್ಲ ಕೊಡ್ತಾರೆ. ಕೆಟ್ಟ ಜೇಡಿಮಣ್ಣಿನ ಚಿಕ್ಕ ಜಾಗ ಎಲ್ಲಾದ್ರೂ ಇದೆಯಾ?"

"ನಮ್ಮ ಗಲ್ಲಿಗಿಂತ ಕೆಟ್ಟದ್ದು ಎಲ್ಲಿ ಸಿಗುತ್ತೆ ಮೇಡಂ," ಎಂದಳು ಜರಡಿಯಕ್ಕ.

ಮರುದಿನವೇ ಗಲ್ಲಿಯ ಮಣ್ಣು ಚೀಲದಲ್ಲಿ ಕೊಠಡಿಗೆ ಬಂತು. ಅವಳು ಗಾಜಿನ ಮೇಲೆ ಎಳೆ ಉರುಳಿಸಿದಳು. ಮುರಿಯುವ ಹೆಸರೇ ಇಲ್ಲದಷ್ಟು ಜಿಗುಟು. ಸುಣ್ಣ ಸೇರಿಸಿ ಒಂದು ದಿನ ಬಿಟ್ಟು ಮತ್ತೆ ಉರುಳಿಸಿದಳು; ಎಳೆ ಪುಡಿಪುಡಿಯಾಯಿತು. ಸಿಮೆಂಟಿನ ಪಾಲು ಬದಲಿಸಿ ಬದಲಿಸಿ ಇಬ್ಬರೂ ಉರುಳೆಗಳನ್ನು ಮಾಡಿ ಬಾಣಂತಿ ಕೋಣೆಗೆ ಹಾಕಿದರು. ದಿನ ತುಂಬಿ ಅವನ್ನು ಪ್ರೆಸ್ಸಿಗಿಟ್ಟಾಗ ಲೆಕ್ಕ ಸ್ಪಷ್ಟವಾಯಿತು. ನೂರು ಪಾಲು ಮಣ್ಣಿಗೆ ಐದು ಪಾಲು ಸಿಮೆಂಟು ಸಾಕು, ಬೂದಿ ಅದಕ್ಕೆ ಜೊತೆಯಾಗುತ್ತದೆ. ಅದರ ದುಪ್ಪಟ್ಟು ಹಾಕಿದ ಉರುಳೆಗಳು ತಟ್ಟೆಯಲ್ಲಿ ಎರಡು ದಿನ ಇಟ್ಟದ್ದಕ್ಕೇ ಬಿರುಕು ಬಿಟ್ಟು ಕೂತಿದ್ದವು. ಅವನ್ನು ಕಸದ ತೊಟ್ಟಿಗೆ ಎಸೆದವಳು ಜರಡಿಯಕ್ಕನೇ.

ಕೆಲಸದ ದಿನ ಗಲ್ಲಿಗೆಲ್ಲ ಸಡಗರ. ಮಣ್ಣನ್ನು ಗೇಣುದ್ದ ಆಳಕ್ಕೆ ಸಡಿಲ ಮಾಡಿ, ಸುಣ್ಣ ಬೆರೆಸಿ, ಹಿಂದಿನ ದಿನವೇ ಬಿಟ್ಟಿದ್ದರು. ಈಗ ಬಿಳಿ ಪುಡಿಯಲ್ಲಿ ಚೌಕಗಳನ್ನು ಎಳೆದು, ಬೂದಿ ಹರಡಿ, ಚೌಕಕ್ಕೊಂದು ಚೀಲದಂತೆ ಸಿಮೆಂಟು ಇಟ್ಟರು. ಟ್ಯಾಂಕರಪ್ಪ ನೀರು ತಂದಿದ್ದ. ಜೊತೆಗೆ ಹಿಂದೆ ನಡೆದುಕೊಂಡು ಓಡಿಸುವ ಚಿಕ್ಕ ರೋಲರ್ ಒಂದನ್ನೂ ಎಲ್ಲಿಂದಲೋ ಹೊಂದಿಸಿದ್ದ. ರೋಲರಣ್ಣನನ್ನು ಹೊಸ್ತಿಲ ಒಳಗೆ ಕುರ್ಚಿಯಲ್ಲಿ ಕೂರಿಸಿ, ಬಿಸಿಲು ತಾಗದಂತೆ ಕುರ್ಚಿ ಸರಿಸಿ, ಬೆನ್ನಿಗೆ ದಿಂಬಿಟ್ಟು, ದಿಂಬು ಸರಿಯಾಗಿಲ್ಲವೆಂದು ಇನ್ನೊಂದಿಟ್ಟಳು. ಅವನ ಕಣ್ಣು ಮಾತ್ರ ರೋಲರಿನ ಮೇಲೆ.

ಮಧ್ಯಾಹ್ನ ಎಲ್ಲರೂ ಚಹಾಕ್ಕೆಂದು ಬೆಂಚಿನ ಕಡೆ ಹೋದರು. ಜರಡಿಯಕ್ಕ ಒಬ್ಬಳೇ ಬಾಗಿಲ ಮುಂದೆ ನಿಂತಿದ್ದಳು. ಅವಳ ಮುಂದೆ ತನ್ನ ಮನೆಯ ಚೌಕ, ಅದರ ಮೇಲೆ ಒಂದು ಚೀಲ. ಅವನು ಬಿದ್ದದ್ದು ಇಲ್ಲೇ. ಮೊದಲು ಕಾಲಿಡುವುದೂ ಇಲ್ಲೇ. ಯಾವುದಾದರೂ ಚೀಲ ಒಡೆದರೆ ಬದಲಿಗಿರಲಿ ಎಂದು ತಂದಿದ್ದ ಒಂದು ಹೆಚ್ಚಿನ ಚೀಲ ಗೋಡೆಗೊರಗಿತ್ತು. ಅವಳು ಅದನ್ನು ನೋಡಿದಳು, ಗಲ್ಲಿಯ ತುದಿಯನ್ನು ನೋಡಿದಳು. ಕಸದ ತೊಟ್ಟಿಗೆ ತಾನೇ ಎಸೆದ ಉರುಳೆಗಳು ಆ ಕ್ಷಣ ಅವಳಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾದವು. ಆದರೆ ಅವು ಉರುಳೆಗಳು, ಇದು ಅವನ ಕಾಲು. ಚೀಲವನ್ನು ಎಳೆದು ತಂದು, ಬಾಯಿ ಕತ್ತರಿಸಿ, ಚೌಕದ ಮೇಲೆ ಪೂರ್ತಿ ಸುರಿದು, ಕೈಯಿಂದ ಹರಡಿಬಿಟ್ಟಳು. ಕುರ್ಚಿಯಲ್ಲಿ ಅವನು ತೂಕಡಿಸುತ್ತಿದ್ದ. ಎಲ್ಲರೂ ಮರಳುವುದರೊಳಗೆ ಅವಳು ಕೈ ತೊಳೆದು ನಿಂತಿದ್ದಳು.

ಬೆರೆಸಿ, ನೀರು ಹಾಕಿ, ರೋಲರ್ ಓಡಿಸಿ, ಬಿಸಿಲು ಇಳಿಯುವುದರೊಳಗೆ ಗಲ್ಲಿ ಹಾಸಿದ ಚಾಪೆಯಂತೆ ಸಮವಾಯಿತು. ಆಮೇಲಿನ ವಾರ ಅದರ ಮೇಲೆ ಒದ್ದೆ ಗೋಣಿಚೀಲಗಳು. ಜರಡಿಯಕ್ಕ ಬೆಳಿಗ್ಗೆ ನೀರು ಹನಿಸಿ ಕೆಲಸಕ್ಕೆ ಹೋದರೆ ಟೈಲರಮ್ಮ ಮಧ್ಯಾಹ್ನ ಹನಿಸುವಳು. ಗಲ್ಲಿಯ ನಾಯಿಗಳಿಗೂ ಗೋಣಿಯ ಮೇಲೆ ಕಾಲಿಡಲು ಅಪ್ಪಣೆ ಇರಲಿಲ್ಲ. ಜನ ಗೋಡೆಗಂಟಿಕೊಂಡು ಏಡಿಗಳ ಹಾಗೆ ಅಡ್ಡಡ್ಡ ಓಡಾಡಿದರು.

"ನಿಮ್ಮ ಬಾಣಂತಿ ಕೋಣೆ ಈಗ ನಮ್ಮ ಬಾಗಿಲಿಗೇ ಬಂತಲ್ಲ ಅಕ್ಕ," ಎಂದು ಟೈಲರಮ್ಮ ನಕ್ಕಳು.

ಗೋಣಿ ತೆಗೆದ ದಿನ ನೆಲ ಕಲ್ಲಿನಂತಿತ್ತು. ಇನ್ನೂ ಒಂದು ವಾರ ಗಟ್ಟಿಯಾಗಲಿ ಎಂದು ಜರಡಿಯಕ್ಕ ಕಾಯ್ದಳು. ಅದು ಸುಡು ಬಿಸಿಲಿನ ವಾರ. ಕೊನೆಗೆ ಒಂದು ಬೆಳಿಗ್ಗೆ ಅವನಿಗೆ ಅಂಗಿ ತೊಡಿಸಿ, ಊರುಗೋಲು ಕೈಗಿತ್ತು, ಬಲತೋಳನ್ನು ಬಿಗಿಯಾಗಿ ಹಿಡಿದು ಹೊಸ್ತಿಲು ದಾಟಿಸಿದಳು. ಅವನು ಒಂದು ಹೆಜ್ಜೆ ಇಟ್ಟ. ಊರುಗೋಲು ಮುಂದಿಟ್ಟ. ಅದರ ಒಂದು ಪಾದ ಯಾವುದೋ ಅಂಚಿಗೆ ತಗುಲಿ ವಾಲಿತು. ಅವನೂ ವಾಲಿದ. ಅವಳು ಹಿಡಿದದ್ದರಿಂದ ಬೀಳಲಿಲ್ಲ. ಆದರೆ ಮುಖ ಬಿಳಿಚಿಕೊಂಡಿತು. ತಲೆಯಾಡಿಸಿ, ಹಿಂದಕ್ಕೆ ತಿರುಗಿ, ಒಳಗೆ ಹೋಗಿ ಕೂತುಬಿಟ್ಟ.

ಅವಳು ನೆಲ ನೋಡಿದಳು. ಬಾಗಿಲ ಮುಂದಿನ ಚೌಕದ ತುಂಬ ಬಲೆಯಂತೆ ಬಿರುಕು. ತುಂಡುತುಂಡಾದ ಹಲಗೆಗಳ ಅಂಚು ಬಿಸಿಲಿಗೆ ಮೇಲೆದ್ದಿತ್ತು. ಆ ಚೌಕದಿಂದಾಚೆಗೆ ಬೆಂಚಿನವರೆಗೂ ಕೂದಲೆಳೆಯಷ್ಟು ಬಿರುಕೂ ಇಲ್ಲ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಇಂಜಿನಿಯರ್ ಮೇಡಂ ರಸ್ತೆ ನೋಡಲು ಬಂದಾಗಲೂ ಅಲ್ಲೇ ಕೂತಿದ್ದಳು. ಮೇಡಂ ಮಂಡಿಯೂರಿ ಕೂತು ಬಿರುಕಿನಲ್ಲಿ ಬೆರಳಾಡಿಸಿದರು.

"ಉಳಿದದ್ದೆಲ್ಲ ಎಷ್ಟು ಚೆನ್ನಾಗಿದೆ. ಇದೊಂದೇ ಯಾಕಕ್ಕ ಹೀಗೆ? ಇಲ್ಲಿ ನೀರು ಕಡಿಮೆ ಬಿತ್ತಾ?"

"ಇಲ್ಲ ಮೇಡಂ. ಸಿಮೆಂಟು ಜಾಸ್ತಿ ಬಿತ್ತು. ಒಂದು ಚೀಲ."

"ಅಯ್ಯೋ, ಯಾರೋ ನೋಡದೆ ಹಾಕ್ಬಿಟ್ರಾ?"

"ನಾನೇ ಹಾಕ್ದೆ. ನೋಡೇ ಹಾಕ್ದೆ."

ಮೇಡಂ ಅವಳ ಮುಖವನ್ನೇ ನೋಡಿದರು. ಒಂದು ಚಮಚ ಜಾಸ್ತಿಯಾದದ್ದಕ್ಕೆ ಇವಳಿಂದ ಬೈಸಿಕೊಂಡವರಲ್ಲಿ ಅವರೂ ಒಬ್ಬರು.

"ನೀವಾ ಅಕ್ಕ?"

"ಅವರು ಮೊದಲು ಕಾಲಿಡೋದು ಅಲ್ಲೇ ಅಲ್ವಾ ಮೇಡಂ. ಅದೊಂದು ಜಾಗ ಆದ್ರೂ ಎಲ್ಲಕ್ಕಿಂತ ಗಟ್ಟಿ ಇರ್ಲಿ ಅನ್ನಿಸ್ತು. ಗೊತ್ತಿತ್ತು. ಗೊತ್ತಿದ್ದೂ ಕೈ ಕೇಳ್ಲಿಲ್ಲ."

ಬೆನ್ನ ಹಿಂದೆ ಏನೋ ಸದ್ದಾಯಿತು. ಮೊದಲು ಅವಳು ಅವನು ಕೆಮ್ಮುತ್ತಿದ್ದಾನೆ ಎಂದುಕೊಂಡಳು. ತಿರುಗಿ ನೋಡಿದರೆ, ರೋಲರಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತು ನಗುತ್ತಿದ್ದ. ಮುಖದ ಒಂದೇ ಪಕ್ಕ ನಗುತ್ತಿತ್ತು, ಆದರೆ ಭುಜ ಎರಡೂ ಕುಲುಕುತ್ತಿದ್ದವು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ. ಅವನು ಗಲ್ಲದಿಂದ ನೆಲದ ಬಿರುಕು ತೋರಿಸಿದ.

"ಜಾ...ಸ್ತಿ," ಎಂದ.

"ಹೂಂ ಕಣ್ರೀ, ಜಾಸ್ತಿ ಆಯ್ತು," ಎಂದಳು ಕಣ್ಣೊರೆಸಿಕೊಳ್ಳುತ್ತ.

ಅವನ ನಗು ನಿಂತಿತು. ಎಡಗೈ ಚೌಕಟ್ಟು ಬಿಟ್ಟು ಮೆಲ್ಲಗೆ ಮೇಲೇರಿ, ಅವಳು ಬೆಳಿಗ್ಗೆ ಕತ್ತಿನವರೆಗೂ ಹಾಕಿದ್ದ ಅಂಗಿಯ ಗುಂಡಿಗಳನ್ನು ಮುಟ್ಟಿತು. ಪದ ಹುಡುಕುತ್ತಿದ್ದ. ಅವಳ ಬಾಯಿಗೆ ಏನೇನೋ ಪದ ಬಂದವು, ಬಿಸಿಲಾಯ್ತಾ, ಸೆಕೆಯಾಯ್ತಾ ಎಂದು. ಹೇಗೋ ಹಲ್ಲು ಕಚ್ಚಿ ಸುಮ್ಮನಿದ್ದಳು.

"ನಂಗೂ," ಎಂದ ಅವನು. ಉಸಿರೆಳೆದುಕೊಂಡು ಮುಗಿಸಿದ. "ನಂಗೂ... ಜಾಸ್ತಿ."

ಮೇಡಂಗೆ ಅರ್ಥವಾಯಿತೋ ಇಲ್ಲವೋ. ಜರಡಿಯಕ್ಕನಿಗೆ ಅರ್ಥವಾಯಿತು. ಬಾಯಿಗಿಟ್ಟ ಒಂದೊಂದು ತುತ್ತೂ, ಕೈಯಿಂದ ಕಸಿದುಕೊಂಡ ಲೋಟಗಳೂ, ಅವನ ಬಾಯಲ್ಲಿ ಹುಟ್ಟುವ ಮೊದಲೇ ತಾನು ಆಡಿಬಿಟ್ಟ ಮಾತುಗಳೂ ಸಾಲಾಗಿ ಕಣ್ಣ ಮುಂದೆ ಬಂದವು. ಅವನ ಮೇಲೆ ಅವಳಿಗಿದ್ದದ್ದು ಬೆಟ್ಟದಷ್ಟು ಪ್ರೀತಿ. ಬಿದ್ದುಬಿಟ್ಟರೆ ಎಂಬ ಭಯವೂ ಅಷ್ಟೇ ಇತ್ತು. ಎರಡನ್ನೂ ಸೇರಿಸಿ ಅವನ ಮೇಲೆ ಸುರಿದಿದ್ದಳು. ಮೆಟ್ಟಿಲ ಮೇಲೆ ಕೂತು ಮನಸ್ಸು ಹಗುರಾಗುವವರೆಗೆ ಅತ್ತಳು. ಮೇಡಂ ಪಕ್ಕದಲ್ಲಿ ಕೂತು ಸುಮ್ಮನೆ ಕೈ ಹಿಡಿದುಕೊಂಡರು.

ಆ ಚೌಕವನ್ನು ಒಡೆದು ತೆಗೆದು, ಹೊಸ ಮಣ್ಣು ತಂದು, ಮತ್ತೆ ಮೊದಲಿನಿಂದ ಮಾಡಿದರು. ಸುಣ್ಣ, ಒಂದು ದಿನದ ಬಿಡುವು, ಬೂದಿ, ಸಿಮೆಂಟು ಒಂದೇ ಚೀಲ. ಚೀಲದ ಬಾಯಿ ಕತ್ತರಿಸಿ ಜರಡಿಯಕ್ಕ ದೂರ ಸರಿದು ನಿಂತಳು.

"ಅತ್ತಿಗೆ, ಮೇಲೆ ಒಂದು ಹಿಡಿ ಬೇಕಾ?" ಎಂದು ಟ್ಯಾಂಕರಪ್ಪ ಕಾಲೆಳೆದ.

"ನಿನ್ನ ತಲೆ ಮೇಲೆ ಹಾಕ್ತೀನಿ ಬಾ," ಎಂದಳು.

ಟ್ಯಾಂಕರಪ್ಪ ರೋಲರ್ ಓಡಿಸತೊಡಗಿದ. ಎರಡು ಸಲ ಹೋಗಿ ಬರುವಷ್ಟರಲ್ಲಿ ಬಾಗಿಲಿನಿಂದ ಟಕಟಕ ಎಂದು ಊರುಗೋಲು ನೆಲಕ್ಕೆ ಕುಟ್ಟಿದ ಸದ್ದು. ರೋಲರಣ್ಣ ಎದ್ದು ನಿಂತಿದ್ದ. ಎಡಗೈ ಎತ್ತಿ ಅಡ್ಡಡ್ಡ ಆಡಿಸಿದ. ಓಡಿಸುವುದು ಓರೆಯಾಗುತ್ತಿದೆ ಎಂಬುದು ಅದರರ್ಥ. ಟ್ಯಾಂಕರಪ್ಪ ಸರಿಮಾಡಿದ. ಅದೂ ಸರಿಬೀಳಲಿಲ್ಲ. ಅವನು ಹೊಸ್ತಿಲು ದಾಟಿದ, ಊರುಗೋಲನ್ನು ಗೋಡೆಗೆ ಒರಗಿಸಿದ, ರೋಲರಿನ ಹಿಡಿಯನ್ನು ಎಡಗೈಯಿಂದ ಹಿಡಿದ.

ಜರಡಿಯಕ್ಕ ಒಂದು ಹೆಜ್ಜೆ ಓಡಿ ಬಂದಳು. ಅಲ್ಲಿಗೇ ನಿಂತಳು. ನಿಲ್ಲುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಟ್ಯಾಂಕರಪ್ಪ ಯಂತ್ರದ ಅದುರಾಟ ನಿಲ್ಲಿಸಿ, ರೋಲರನ್ನು ಆಮೆಯ ವೇಗಕ್ಕೆ ಇಳಿಸಿ, ತಾನೊಂದು ಪಕ್ಕ ಹಿಡಿದ. ರೋಲರ್ ಮೆಲ್ಲನೆ ಹೊರಟಿತು, ಅದರ ಹಿಂದೆ ಅವನು. ಎಡಗಾಲು ಇಡುವನು, ಬಲಗಾಲು ಎಳೆಯುವನು, ಮತ್ತೆ ಎಡಗಾಲು. ಅವನ ದೃಷ್ಟಿ ಕಾಲಿನ ಮೇಲೆ ಇರಲೇ ಇಲ್ಲ, ಉಕ್ಕಿನ ಗಾಲಿಯ ಕೆಳಗೆ ಮಣ್ಣು ಹೇಗೆ ಕೂರುತ್ತಿದೆ ಎಂಬುದರ ಮೇಲಿತ್ತು. ಚೌಕದ ತುದಿ ಮುಟ್ಟಿ ನಿಂತಾಗ ಮಾತ್ರ ಹಿಂದೆ ನೋಡಿ, ತಾನು ಎಲ್ಲಿದ್ದೇನೆ ಎಂದು ಕಂಡು, ತಾನೇ ಬೆರಗಾದ. ಟೈಲರಮ್ಮ ಕಿಟಕಿಯಲ್ಲಿ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು.

ಮಣ್ಣು ಎಷ್ಟು ಬಿಗಿಯಾಗಿದೆ ಎಂದು ಅಳೆಯಬೇಕಲ್ಲ. ಜರಡಿಯಕ್ಕ ಟ್ರೇ, ಉಳಿ, ಸುತ್ತಿಗೆ, ಮರಳಿನ ಡಬ್ಬಿ ತಂದು ಚೌಕದ ನಡುವೆ ಕೂತಳು. ಮೆಟ್ಟಿಲ ಮೇಲೆ ಕೂತಿದ್ದ ಅವನಿಗೆ ಇನ್ನೂ ಏದುಸಿರು. ಅವಳು ಉಳಿಯ ಮೇಲೆ ಮೊದಲ ಏಟು ಹಾಕಿದಾಗ ಅವನು ಬಾಯಿ ತೆರೆದ. ಒಂದೊಂದು ಪದಕ್ಕೂ ಬಾವಿಯಿಂದ ನೀರು ಸೇದಿದಷ್ಟು ಹೊತ್ತು ಹಿಡಿಯಿತು. ಯಾವುದನ್ನೂ ಅವಳು ತಾನೇ ಹೇಳಲಿಲ್ಲ. ಮುಂದಿನದು ಯಾವುದೆಂದು ಗೊತ್ತಿದ್ದೂ ಕಾದಳು.

"ನಾನು... ಸಮ ಮಾಡೋದು. ನೀವು... ತೂ...ತು ಮಾಡೋದು. ಹೀಗಾದ್ರೆ... ರಸ್ತೆ... ಯಾವಾಗ... ಮೇಡಂ?"

ಅವಳು ತಲೆ ಎತ್ತಲಿಲ್ಲ. ಎತ್ತಿ ಅವನ ಮುಖ ನೋಡಿದ್ದರೆ ಕಣ್ಣೀರು ಬಂದು ಟ್ರೇಯೊಳಗೆ ಬಿದ್ದು ಮಣ್ಣಿನ ತೂಕ ತಪ್ಪುತ್ತಿತ್ತು. "ಒಂದೇ ತೂತು ಕಣ್ರೀ," ಎಂದಳು. "ಒಂದೇ ಸಾಕು."

ಆ ಚೌಕಕ್ಕೂ ಗೋಣಿ ಹೊದಿಸಿ, ನೀರು ಹನಿಸಿ, ದಿನ ತುಂಬಿಸಿದ್ದಾಯಿತು. ಮಳೆ ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಅವನು ಮುಖ ತೊಳೆದು, ಒದ್ದೆ ತಲೆಯನ್ನು ಎಡಗೈಯಲ್ಲೇ ಹೇಗೋ ಬಾಚಿಕೊಂಡು, ಅಂಗಿ ಹಾಕಿಕೊಂಡು ನಿಂತಿದ್ದ. ಗುಂಡಿಗಳೆಲ್ಲ ಒಂದು ತೂತು ಮೇಲೆ ಹೋಗಿದ್ದವು. ಅಂಗಿಯ ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ. ಅವಳ ಕೈ ತಾನಾಗಿಯೇ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲಿಂದ ಸರಿದು ದಾರಿ ಬಿಟ್ಟಳು.

ಅವನು ಹೊರಟ. ತೂತು ತೆಗೆದು ಮುಚ್ಚಿದ್ದ ದುಂಡನೆಯ ಗುರುತಿನ ಮೇಲೆ ಊರುಗೋಲನ್ನು ಒಮ್ಮೆ ಕುಟ್ಟಿ ನೋಡಿದ, ತೃಪ್ತಿಯಾದವನಂತೆ ಮುಂದೆ ನಡೆದ. ಪಕ್ಕದ ಮನೆ ದಾಟಿದ, ನಲ್ಲಿ ದಾಟಿದ, ಎರಡು ಕಡೆ ನಿಂತು ಸುಧಾರಿಸಿಕೊಂಡ. ಅವಳು ಹೊಸ್ತಿಲಲ್ಲೇ ನಿಂತು, ಅವನು ಇಡುವ ಪ್ರತಿ ಹೆಜ್ಜೆಗೂ ತನ್ನ ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತುತ್ತಿದ್ದಳು. ಬೆಂಚಿನಿಂದ ಎಲ್ಲರೂ ಎದ್ದು ನಿಂತದ್ದು ಕಂಡಿತು. ಪುಣ್ಯಕ್ಕೆ ಯಾರೂ ಹಿಡಿಯಲು ಬರಲಿಲ್ಲ. ಅವನು ತಾನೇ ತಿರುಗಿ, ತಾನೇ ಕೂತ.

ಗಲ್ಲಿ ಚಿಕ್ಕದು, ಟ್ಯಾಂಕರಪ್ಪನ ಗಂಟಲು ದೊಡ್ಡದು. "ಏನಣ್ಣಾ ಇದು ಅವತಾರ," ಎನ್ನುವುದು ಇಲ್ಲಿಗೂ ಕೇಳಿಸಿತು. "ಅಂಗಿ ಗುಂಡಿ ಯಾರು ಹಾಕಿದ್ದು ನಿನಗೆ?"

ಉತ್ತರ ಬರಲು ತಡವಾಯಿತು. ಬಂದಾಗ ಅದೂ ಅವಳಿಗೆ ಕೇಳಿಸಿತು.

"ನಾನೇ."